ನಾರಾಯಣಪುರ ರಸ್ತೆಯೊಂದು ಬಿಟ್ಟು

ನವೆಂಬರ್ ೩, ಸೋಮವಾರ

ಇವತ್ತು ಓಡಿದೆ. ಹಾಲು ತರಲು ಹೊರಟವನು ಹಾಲಿನ ಅಂಗಡಿ ದಾಟಿ, ಕೋಟೆ ದಾಟಿ, ಚಪ್ಪಲಿ ಕಾಲಲ್ಲೇ ತ್ರಿಪುರಾಂತ ಕೆರೆಯವರೆಗೆ ಓಡಿಬಿಟ್ಟೆ. ಯಾಕೆಂದು ಕೇಳಿದರೆ ಹೇಳಲು ಬಾರದು. ವಾಪಸು ಬರುವಾಗ ಹಾಲು ಮರೆತೆ. ಅವ್ವ ಕರಿ ಚಹಾ ಮಾಡಿ ಮುಂದಿಟ್ಟಳು.

ಪೂನಂ ದೀಪಾವಳಿಗೆಂದು ಹುಮನಾಬಾದಿನ ತವರಿಗೆ ಹೋದವಳು ಇನ್ನೂ ಬಂದಿಲ್ಲ. ಬರುವುದೂ ಇಲ್ಲ ಎಂದಿದ್ದಾಳೆ. ಮನೆಯಲ್ಲಿ ಕೂತರೆ ಗೋಡೆ ಮೈಮೇಲೆ ಬಂದ ಹಾಗಾಗುತ್ತದೆ. ಕಾರಣವನ್ನು ಒಂದು ಸಲ ಬರೆದುಬಿಡುತ್ತೇನೆ, ಮತ್ತೆ ಬರೆಯುವುದಿಲ್ಲ. ಆಗಸ್ಟಿನಲ್ಲಿ ಏಳು ತಿಂಗಳಿಗೇ ಹೆರಿಗೆಯಾಯಿತು. ಹೆಣ್ಣು. ಅಳಲಿಲ್ಲ. ಪೂನಂಗೆ ಪೂರ್ತಿ ಎಚ್ಚರವಾಗುವುದರೊಳಗೆ ನಾನೂ ನರಸಿಂಗ ಕಾಕಾನೂ ಮಣ್ಣು ಮಾಡಿ ಬಂದಿದ್ದೆವು. ಹೆತ್ತವಳಿಗೆ ಆ ಜಾಗ ತೋರಿಸಬಾರದು, ಹೇಳಲೂಬಾರದು, ಹೇಳಿದರೆ ಮುಂದಿನದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ ಎಂದು ಅವ್ವ ಆಸ್ಪತ್ರೆಯ ಮೆಟ್ಟಿಲ ಮೇಲೇ ನನ್ನ ಕೈ ಹಿಡಿದು ಮಾತು ತೆಗೆದುಕೊಂಡಳು. ಪೂನಂ ಕೇಳಿದ್ದು ಒಂದೇ: ಎಲ್ಲಿ? ಗೊತ್ತಿಲ್ಲ ಅಂದೆ. ಮಣ್ಣು ಹಾಕಿ ಬಂದ ಕೈಗೆ ಗೊತ್ತಿಲ್ಲವೇ ಅಂದಳು. ಎರಡು ತಿಂಗಳು ಕೇಳಿದಳು, ಆಮೇಲೆ ಕೇಳುವುದು ಬಿಟ್ಟಳು. "ಹೇಳೂ ದಿನ ಬರ್ರಿ, ನಿಮ್ಮ ಹಿಂದ ಬರ್ತೀನಿ" ಎಂದು ಬಸ್ಸು ಹತ್ತಿದಳು.

ನವೆಂಬರ್ ೫, ಬುಧವಾರ

ಬೂಟು ಕೊಂಡೆ. ಓಡುವುದು ಸುಲಭ, ಈ ಊರಿನಲ್ಲಿ ಸುಮ್ಮನೆ ಓಡುವುದು ಕಷ್ಟ. ಎದುರು ಬಂದವರಿಗೆಲ್ಲ ಉತ್ತರ ಕೊಡಬೇಕು. ಓಡುತ್ತಿದ್ದಾನೆ ಎಂದರೆ ಯಾರಿಗೋ ಹೆಚ್ಚುಕಮ್ಮಿಯಾಗಿದೆ ಎಂದೇ ಜನರ ಲೆಕ್ಕ. ಕೆರೆಯ ಏರಿಯ ಮೇಲೆ ತರಕಾರಿ ಮಕ್ಬೂಲ್ ಬೈಕು ತಿರುಗಿಸಿಕೊಂಡು ಬಂದ.

"ಏನಾತು ಭಾಯ್? ಹತ್ತು, ಹತ್ತು. ದವಾಖಾನಿಗಿ ಬಿಡ್ತೀನಿ."

"ಏನೂ ಆಗಿಲ್ಲ. ಓಡಾಕತ್ತೀನಿ."

"ಅದೇ ಕೇಳಾಕತ್ತೀನಿ, ಯಾಕ?"

"ಸುಮ್ನ."

ಅವನು ಸ್ವಲ್ಪ ದೂರ ನನ್ನ ಪಕ್ಕದಲ್ಲೇ ನಿಧಾನವಾಗಿ ಗಾಡಿ ಓಡಿಸಿದ. ಹಿಂದಿನ ಬುಟ್ಟಿಯಲ್ಲಿ ಮೆಂತ್ಯೆ ಸೊಪ್ಪು ಬಾಡುತ್ತಿತ್ತು. ಕೊನೆಗೆ ಮನೆಯಲ್ಲಿ ಜಗಳವಾಗಿದ್ದರೆ ಹೇಳು, ನಾನು ಯಾರಿಗೂ ಹೇಳುವುದಿಲ್ಲ ಎಂದು ಹೋದ. ಸಂಜೆಯ ಹೊತ್ತಿಗೆ ಓಣಿಯಲ್ಲೆಲ್ಲ ಗೊತ್ತಾಗಿತ್ತು.

ನವೆಂಬರ್ ೯, ಭಾನುವಾರ

ಹೊಸ ದಾರಿ. ಕೆರೆಯ ಹಿಂದಿನಿಂದ ತಾಂಡಾಕ್ಕೆ ಹೋಗುವ ಕಚ್ಚಾ ರಸ್ತೆ. ಹುಟ್ಟಿ ಬೆಳೆದ ಊರು ಈ ಕಲ್ಯಾಣ, ಮೂವತ್ತು ದಾಟಿದೆ ನನಗೆ, ಈ ದಾರಿಯಿದೆ ಎಂದೇ ಗೊತ್ತಿರಲಿಲ್ಲ. ಮೊದಲು ಕೆಂಪು ಮಣ್ಣು, ಒಂದು ತಿರುವಿನಲ್ಲಿ ಇದ್ದಕ್ಕಿದ್ದಂತೆ ಕಪ್ಪು ಎರೆ. ಕೆಂಪಿನಲ್ಲಿ ಕಾಲು ಹಗುರವಾಗಿ ಏಳುತ್ತದೆ, ಎರೆಯಲ್ಲಿ ಬಿರುಕು ನೋಡಿಕೊಂಡು ಹೆಜ್ಜೆ ಇಡಬೇಕು. ತೊಗರಿ ಹೂವಿಗೆ ಬಂದಿದೆ. ದಾರಿ ಎಲ್ಲಿ ಮುಗಿಯುತ್ತದೆ ನೋಡಿಯೇ ಬರೋಣವೆಂದು ಹೋದೆ. ಅದು ಮುಗಿಯಲಿಲ್ಲ, ಒಂದು ಹೊಲದೊಳಗೆ ಹೋಗಿ ಸಣ್ಣದಾಗಿ ಇಲ್ಲವಾಯಿತು.

ಓಡುವಾಗ ತಲೆಯಲ್ಲಿ ಏನೂ ಇರುವುದಿಲ್ಲ. ನಿಂತ ಕೂಡಲೇ ಎಲ್ಲ ಬರುತ್ತದೆ. ಅದಕ್ಕೆ ನಿಲ್ಲುವುದು ಬೇಡವೆನಿಸುತ್ತದೆ.

ನವೆಂಬರ್ ೧೩, ಗುರುವಾರ

ಅಂಗಡಿಯಲ್ಲಿ ಇವತ್ತು ತೊಟ್ಟಿಲು ಕಾರ್ಯಕ್ರಮದ ಬ್ಯಾನರ್ ಕೆಲಸ. ಸೋಹೇಲನ ಈ ಫ್ಲೆಕ್ಸ್ ಅಂಗಡಿಗೆ ಬಂದಾಗಿನಿಂದ ಊರಿನ ಹುಟ್ಟು, ಮದುವೆ, ಸಾವು ಎಲ್ಲವೂ ನನ್ನ ಕಂಪ್ಯೂಟರಿನ ಮೇಲೆಯೇ ಹಾದು ಹೋಗುತ್ತವೆ. ಮಗುವಿನ ಫೋಟೋದ ಸುತ್ತ ಬಲೂನು ಹಾಕು, ಅಜ್ಜ ಅಜ್ಜಿಯರ ಹೆಸರು ಹಾಕು, ಕೆಳಗೆ ಸೋದರಮಾವಂದಿರ ಸಾಲು ಹಾಕು. ಮೂರು ಸಲ ಎದ್ದು ಹೊರಗೆ ಹೋದೆ. ನಾಲ್ಕನೇ ಸಲಕ್ಕೆ ಸೋಹೇಲನೇ ಬಂದು ನನ್ನ ಕುರ್ಚಿಯಲ್ಲಿ ಕೂತು ಮುಗಿಸಿದ. ಅವನು ಹಾಕಿದ ಬಲೂನುಗಳೆಲ್ಲ ಮಗುವಿನ ಮುಖದ ಮೇಲಿದ್ದವು, ಮತ್ತೆ ನಾನೇ ಸರಿಮಾಡಬೇಕಾಯಿತು.

ಮಧ್ಯಾಹ್ನ ಊಟದ ಹೊತ್ತಿಗೆ ಕೇಳಿದ. "ನಾರಾಯಣಪುರ ರೋಡಿಗಿ ಯಾಕ ಓಡಂಗಿಲ್ಲ? ಗಿಡದ ನೆಳ್ಳದ, ಲಾರಿ ಇಲ್ಲ. ಎಲ್ಲಾರೂ ವಾಕಿಂಗ್ ಅಲ್ಲೇ ಮಾಡ್ತಾರ."

"ಅಲ್ಲಿ ನಾಯಿ ಭಾಳ ಅವ."

"ನಾಯಿ ಎಲ್ಲಿಲ್ಲ?"

ನಾನು ಟಿಫಿನ್ ಮುಚ್ಚಿದೆ. ನಾರಾಯಣಪುರ ರಸ್ತೆಯಲ್ಲಿ ಕಾಕಾನ ಹೊಲವಿದೆ.

ನವೆಂಬರ್ ೧೪

ಮಂಡಿ ನೋವು. ಓಡಲಿಲ್ಲ. ಕೆಟ್ಟ ದಿನ.

ನವೆಂಬರ್ ೨೩, ಭಾನುವಾರ

ಬಂಗ್ಲಾದವರೆಗೆ ಹೋಗಿ ಬಂದೆ. ಹೆದ್ದಾರಿ ಕೂಡುವ ಜಾಗ, ಹೆಸರಿಗೆ ಬಂಗ್ಲಾ, ಇರುವುದು ಚಹಾ ಹೋಟೆಲು ಮತ್ತು ಲಾರಿಗಳು. ಈಗ ಕಬ್ಬಿನ ಟ್ರ್ಯಾಕ್ಟರುಗಳೂ ಸೇರಿವೆ. ಮೊಹಿನುದ್ದೀನ್ ಚಾಚಾನ ಹೋಟೆಲಿನಲ್ಲಿ ಕೂತೆ. ಚಾಚಾ ನನ್ನ ಒದ್ದೆ ಅಂಗಿ ನೋಡಿ, ಕೇಳದೆಯೇ ಲೋಟದ ತುಂಬ ನೀರು ಕೊಟ್ಟ. ಯಾಕೆ ಓಡುತ್ತೀ ಎಂದು ಕೇಳದ ಮೊದಲನೆಯ ಮನುಷ್ಯ ಇವನೇ. ಲಾರಿಯವರನ್ನು ನೋಡಿ ನೋಡಿ ಅವನಿಗೆ ಎಲ್ಲಿಂದ, ಎಲ್ಲಿಗೆ ಎಂಬ ಪ್ರಶ್ನೆಯೇ ಬೇಸರವಾಗಿರಬೇಕು.

ಹುಮನಾಬಾದಿನ ಬಸ್ಸುಗಳು ಇಲ್ಲೇ ನಿಲ್ಲುತ್ತವೆ. ಒಂದಾದ ಮೇಲೊಂದು ಹೋದವು. ಅವನ್ನು ನೋಡಲೆಂದೇ ಕೂತಿರಲಿಲ್ಲ, ಚಹಾ ಬಿಸಿಯಿತ್ತು.

ನವೆಂಬರ್ ೨೬, ಬುಧವಾರ

ಫೋನ್ ಮಾಡಿದೆ. ಎತ್ತಿದಳು.

"ಹ್ಯಾಂಗದಿ?"

"ಅದೀನಿ."

ಏನು ಹೇಳುವುದೆಂದು ತಿಳಿಯದೆ ಓಡುವುದರ ಬಗ್ಗೆ ಹೇಳಿದೆ. ತಾಂಡಾದ ದಾರಿ, ತೊಗರಿ ಹೂವು, ಮಕ್ಬೂಲ್ ದವಾಖಾನೆಗೆ ಬಿಡುತ್ತೇನೆಂದದ್ದು. ನಕ್ಕಾಳೆಂದು ಕಾದೆ. ಅವಳು ಪೂರ್ತಿ ಕೇಳಿದಳು.

"ಭಾಳ ದಾರಿ ಹುಡುಕೀರಿ. ನಾ ಕೇಳಿದ್ದು ಒಂದೇ ಅದ."

"ಪೂನಂ, ಅವ್ವ..."

"ಅವ್ವಗ ನಾ ಕೇಳಿಲ್ಲ. ನಿಮಗ ಕೇಳೀನಿ."

ಇಟ್ಟುಬಿಟ್ಟಳು. ಸಿಟ್ಟು ಬಂತು. ನನ್ನನ್ನು ಏನೆಂದುಕೊಂಡಿದ್ದಾಳೆ? ಮುಂದಿನ ಮಗುವಿಗಾಗಿ ತಾನೇ ಬಾಯಿ ಕಟ್ಟಿಕೊಂಡಿರುವುದು? ಅವ್ವನಿಗೆ ಕೊಟ್ಟ ಮಾತು ಮುರಿದು, ನಾಳೆ ಏನಾದರೂ ಆದರೆ ಯಾರ ಮುಖ ನೋಡಲಿ? ಸಂಜೆ ಮತ್ತೆ ಓಡಿದೆ, ಎರಡನೇ ಸಲ. ಸಿಟ್ಟಿನಲ್ಲಿ ಕಾಲು ಚೆನ್ನಾಗಿ ಓಡುತ್ತದೆ.

ಡಿಸೆಂಬರ್ ೭, ಭಾನುವಾರ

ಸಿಕ್ಕಿತು. ಇಷ್ಟು ದಿನ ಹುಡುಕಿದ್ದು ಇದನ್ನೇ ಇರಬೇಕು.

ಬಂಗ್ಲಾ ದಾಟಿ ಸ್ವಲ್ಪ ಮುಂದೆ ಹೆದ್ದಾರಿಯಿಂದ ಒಂದು ಬಂಡಿ ದಾರಿ ಇಳಿಯುತ್ತದೆ. ಹೆದ್ದಾರಿಯ ಜೊತೆಗೇ ಹೋಗುತ್ತದೆ, ಆದರೆ ಲಾರಿಯ ಸದ್ದು ಮಾತ್ರ ಬರುತ್ತದೆ, ಧೂಳು ಬರುವುದಿಲ್ಲ. ಒಂದು ಕಡೆ ಕಡಲೆ, ಇನ್ನೊಂದು ಕಡೆ ಬಿಳಿಜೋಳ ಎದೆಮಟ್ಟ. ನಡುವೆ ಒಂದು ದೊಡ್ಡ ಬೇವಿನ ಗಿಡ, ಅದರ ಕೆಳಗೆ ಪಂಪಿನ ಬಾವಿ. ಕಡಲೆಯ ಇಬ್ಬನಿ ಮೊಣಕಾಲಿಗೆ ತಾಗಿ ಹುಳಿಹುಳಿ ಉರಿಯುತ್ತದೆ. ದಾರಿ ಒಮ್ಮೆ ಏರಿ ಒಮ್ಮೆ ಇಳಿದು ಉಸಿರಿಗೆ ಸರಿಯಾಗಿ ಹೊಂದಿಕೊಳ್ಳುತ್ತದೆ. ಏರು ಮುಗಿದಲ್ಲಿ ಗಾಳಿ ಎದೆಗೆ ಬಡಿದಾಗ ನಾನು ಜೋರಾಗಿ ಕೂಗಿದೆ. ಸುತ್ತ ಯಾರೂ ಇಲ್ಲವೆಂದುಕೊಂಡಿದ್ದೆ. ಜೋಳದೊಳಗಿಂದ ಒಬ್ಬ ಮುದುಕಿ ಎದ್ದಳು, ಕೈಯಲ್ಲಿ ಕಳೆ ಕೀಳುವ ಕುರ್ಚಿಗಿ.

"ಯಾವಪ್ಪ ನೀ, ಬೆಳಿಗ್ಗಿ ಬೆಳಿಗ್ಗಿ ಹಕ್ಕಿ ಹೊಡಿಲಿಕ್ಕ ಬಂದೀಯೇನು?"

ಸರುಬಾಯಿ ಅಂತ ಹೆಸರು. ಹೊಲ ಅವಳದೇ. ಬೀಜ ಬಿತ್ತಿದ ಮೇಲೆ ದಿನಾ ಬಂದು ನೋಡದಿದ್ದರೆ ಬೆಳೆ ಮುನಿಸಿಕೊಳ್ಳುತ್ತದೆ ಎಂದು ಹೇಳಿದಳು. ಈ ದಾರಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ.

"ರಾಜೇಶ್ವರಕ್ಕ. ಅಲ್ಲಿಂದ ಹುಮನಾಬಾದಕ್ಕ ಸಡಕ್ ಅದ. ನಿನಗ ಎಲ್ಲಿಗಿ ಹೋಗೋದದ?"

ಎಲ್ಲಿಗೂ ಇಲ್ಲ ಅಂದೆ. ನನಗೆ ಹುಮನಾಬಾದಿನಲ್ಲಿ ಏನು ಕೆಲಸ. ದಾರಿ ಚೆನ್ನಾಗಿದೆಯೆಂದು ಕೇಳಿದ್ದು, ಅಷ್ಟೇ.

ಡಿಸೆಂಬರ್ ೧೪, ಭಾನುವಾರ

ರಾಜೇಶ್ವರದವರೆಗೆ ಓಡಿ, ಬಸ್ಸಿನಲ್ಲಿ ಬಂದೆ. ಎಡಗಾಲಿನ ಹೆಬ್ಬೆರಳ ಉಗುರು ಕಪ್ಪಾಗಿದೆ. ರಾಜೇಶ್ವರದ ಬಸ್ ನಿಲ್ದಾಣದಲ್ಲಿ ನಿಂತು ನೋಡಿದರೆ ಹುಮನಾಬಾದು ಇನ್ನೇನು ದೂರವಲ್ಲ. ಅರ್ಧದ ಮೇಲೆ ಮುಗಿದಂತೆಯೇ. ಲೆಕ್ಕಕ್ಕೆ ಬರೆದೆ.

ಸೋಹೇಲನಿಗೆ ಹೇಳಿದೆ. ಅವನು ಮೌಸ್ ಬಿಟ್ಟು ತಿರುಗಿ ಕೂತ. "ಅಜೀತ್, ಭಾಬಿನ ಕರಿಯಾಕ ಹೋಗೋದಿದ್ರ ಸೀದಾ ಹೋಗು. ಹಿರೇರ್ನ ಕರ್ಕೊಂಡು, ಪೇಢಾ ತಗೊಂಡು, ಇಸ್ತ್ರಿ ಅಂಗಿ ಹಾಕ್ಕೊಂಡು ಹೋಗು. ಹಿಂಗ ತುಂಡು ತುಂಡು ಯಾಕ ಹೊಂಟಿ?"

ಅವನಿಗೆ ಏನೂ ತಿಳಿಯುವುದಿಲ್ಲ. ನಾನು ಓಡುತ್ತಿದ್ದೇನೆ, ಅಷ್ಟೇ. ಹಾಗೆ ನೋಡಿದರೆ ಪಶ್ಚಿಮಕ್ಕೂ ಓಡಬಹುದು. ಈಚೆಗೆ ಓಡಿಲ್ಲ, ಆ ಮಾತು ಬೇರೆ.

ಡಿಸೆಂಬರ್ ೧೯, ಶುಕ್ರವಾರ. ಎಳ್ಳಮಾವಾಸ್ಯೆ

ಉದ್ದ ಬರೆಯಬೇಕಾಗುತ್ತದೆ ಇವತ್ತು.

ಬೆಳಿಗ್ಗೆ ಅವ್ವ ಕಾಳು ಸೊಪ್ಪಿನ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಎಲ್ಲ ಕಟ್ಟಿಕೊಂಡು ಕಾಕಾನ ಹೊಲಕ್ಕೆ ಹೊರಟಳು. ಈ ಹಬ್ಬಕ್ಕೆ ಊರಲ್ಲಿ ಯಾರೂ ಇರುವುದಿಲ್ಲ, ಎಲ್ಲರೂ ಹೊಲದಲ್ಲೇ. ನೀನೂ ಬಾ ಅಂದಳು. ಅಂಗಡಿಯಲ್ಲಿ ಕೆಲಸವಿದೆ ಅಂದೆ. ಅಂಗಡಿಗೆ ಬೀಗವಿರುವುದು ಅವಳಿಗೂ ಗೊತ್ತು. ಬುತ್ತಿ ಎತ್ತಿಕೊಂಡು ಹೋದಳು. ನಾನು ಬೂಟು ಕಟ್ಟಿಕೊಂಡು ಬಂಗ್ಲಾದ ಕಡೆ ಓಡಿದೆ.

ಎಳ್ಳಮಾವಾಸ್ಯೆಯ ದಿನ ಓಡುವುದಕ್ಕಿಂತ ದೊಡ್ಡ ಮೂರ್ಖತನ ಇನ್ನೊಂದಿಲ್ಲ. ಪ್ರತಿ ಹೊಲದಿಂದಲೂ ಕರೆಯುತ್ತಾರೆ. ದಾರಿಯಲ್ಲಿ ಹೋಗುವವನು ಉಣ್ಣದೆ ಹೋದರೆ ಹೊಲಕ್ಕೆ ಆಗುವುದಿಲ್ಲವಂತೆ. ಎರಡು ಹೊಲ ಕೈಮುಗಿದು ದಾಟಿದೆ. ಬೇವಿನ ಗಿಡದ ಹತ್ತಿರ ಸರುಬಾಯಿ ದಾರಿಗೆ ಅಡ್ಡ ನಿಂತೇಬಿಟ್ಟಳು.

"ಕೂಡು."

"ಓಡೋದದ ಆಯಿ. ಹೊಟ್ಟಿ ತುಂಬಿದ್ರ ಓಡಾಕ ಬರಂಗಿಲ್ಲ."

"ಓಡಬ್ಯಾಡ. ಯಾರರೆ ಹೇಳ್ಯಾರೇನು ನಿನಗ ಓಡು ಅಂತ?"

ಅವಳ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಎಲ್ಲರ ನಡುವೆ ಕೂತೆ. ಭಜ್ಜಿ ಬಡಿಸಿದರು, ಅಂಬಲಿ ಕೊಟ್ಟರು. ನನ್ನ ಪಕ್ಕದಲ್ಲಿ ಒಬ್ಬಳು ಸೊಸೆ ಕೂಸಿಗೆ ಅಂಬಲಿ ಬೆರಳಲ್ಲಿ ನೆಕ್ಕಿಸುತ್ತಿದ್ದಳು. ಎದ್ದು ಹೋಗಬೇಕೆನಿಸಿತು. ಎಲೆ ಬಿಟ್ಟು ಏಳಲಾಗುವುದಿಲ್ಲವಲ್ಲ, ಕೂತೆ. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ. ನಡೆದುಕೊಂಡು ಬಂದೆ.

ಸಂಜೆ ಅವ್ವ ಬಂದಳು, ಕಾಲೆಲ್ಲ ಎರೆಮಣ್ಣು. ಬುಟ್ಟಿ ಇಟ್ಟು ಗೋಡೆಗೆ ಒರಗಿ ಕೂತಳು. ಎಲ್ಲರೂ ಹೊಲದಲ್ಲಿ ಒಂದು ಸುತ್ತು ಬಂದು ಚರಗ ಚೆಲ್ಲುತ್ತಾರೆ, ಭೂಮಿಗೆ ಉಣ್ಣಿಸುವುದು. ನೀನು ಇಷ್ಟು ಹೊತ್ತು ಏನು ಮಾಡಿದೆ ಎಂದೆ.

"ಎಲ್ಲಾ ಬದುವಿಗೂ ಚೆಲ್ಲಿದೆ."

"ಎಲ್ಲಾ ಬದುವಿಗೂ ಯಾಕ?"

"ಯಾವ ಬದು ಅಂತ ನನಗೇನು ಗೊತ್ತು? ನಿಮ್ಮ ಕಾಕಾಗ ಕೇಳಿಲ್ಲ ನಾ. ಕೂಸು ಹಸ್ಕೊಂಡಿರಬಾರದು."

ಅವಳು ಕಾಲಿನ ಮಣ್ಣು ಉಗುರಲ್ಲಿ ಕೆರೆಯುತ್ತ ಹೇಳಿದಳು.

"ನಿನಗಿಂತ ಮೊದಲ ಒಂದು ಇತ್ತು. ನಿನಗ ಹೇಳಿಲ್ಲ. ಗಂಡು. ಎಂಟು ದಿನ ಇತ್ತು. ನಿಮ್ಮಪ್ಪ ತಗೊಂಡು ಹೋಗಿ ಬಂದ. ಎಲ್ಲಿ ಅಂತ ಕೇಳ್ದೆ, ಗೊತ್ತಿಲ್ಲ ಅಂದ. ಸಾಯೂ ತನಕ ಗೊತ್ತಿಲ್ಲ ಅಂದ. ಕಳೆ ತೆಗೀಲಿಕ್ಕ ಯಾರ ಹೊಲಕ್ಕ ಹೋದ್ರೂ ಮೊದಲ ಬದು ನೋಡ್ತಿದ್ದೆ. ಎಲ್ಲರೆ ಮಣ್ಣು ಎತ್ತರ ಕಾಣಿಸಿದ್ರ ಅಲ್ಲಿ ಕಾಲಿಡ್ತಿರಲಿಲ್ಲ, ಸುತ್ತು ಹಾಕಿ ಹೋಗ್ತಿದ್ದೆ. ಈಗೂ ಹಂಗೇ."

"ಅವ್ವ..."

"ಆದ್ರ ನೋಡು, ಮುಂದ ನೀ ಹುಟ್ಟಿದಿ. ನಿಂತಿ. ಅದಕ್ಕೇ ಹೇಳಾಕತ್ತೀನಿ, ಪೂನಂಗ ಹೇಳಬ್ಯಾಡ. ಆಕಿ ಒಂದು ಎರಡು ವರ್ಷ ಅಳ್ತಾಳ, ಮರೀತಾಳ."

ಮೂವತ್ತು ವರ್ಷದ ಮೇಲಿನ ಮಾತು ಇದು. ಅವಳು ಎದ್ದು ಒಳಗೆ ಹೋಗಿ ಒಲೆಯ ಮೇಲೆ ನೀರಿಟ್ಟಳು.

ಡಿಸೆಂಬರ್ ೨೦, ಶನಿವಾರ

ಓಡಿದೆ. ದಾರಿ ನೋಡಲಾಗಲಿಲ್ಲ, ಕಣ್ಣೆಲ್ಲ ಬದುಗಳ ಮೇಲೆಯೇ. ಎಷ್ಟೊಂದು ಬದುಗಳಿವೆ.

ಡಿಸೆಂಬರ್ ೨೧, ಭಾನುವಾರ. ಹುಮನಾಬಾದು

ಪೂನಂ ಒಳಗೆ ಬಟ್ಟೆ ತುಂಬಿಕೊಳ್ಳುತ್ತಿದ್ದಾಳೆ. ಮಾವನವರ ಪಾಯಜಾಮ ತೊಟ್ಟು ಪಡಸಾಲೆಯಲ್ಲಿ ಕೂತು ಫೋನಿನಲ್ಲಿ ಬರೆಯುತ್ತಿದ್ದೇನೆ. ಪಾಯಜಾಮ ಗಿಡ್ಡ, ಸೊಂಟ ದೊಡ್ಡದು.

ಬೆಳಿಗ್ಗೆ ರಾಜೇಶ್ವರದವರೆಗೆ ಎಂದೇ ಹೊರಟಿದ್ದು. ಅಲ್ಲಿ ಬಸ್ಸು ನಿಂತಿತ್ತು, ವಾಪಸು ಹೋಗುವುದು. ಹತ್ತಲಿಲ್ಲ. ಆಮೇಲೆ ಹೆದ್ದಾರಿಯೇ ಗತಿ. ಲಾರಿಯ ಗಾಳಿ ಒಂದೊಂದು ಸಲ ಪಕ್ಕಕ್ಕೆ ತಳ್ಳುತ್ತಿತ್ತು. ಉಗುರಿನಿಂದ ರಕ್ತ ಬಂದು ಬೂಟಿನೊಳಗೆ ಅಂಟಂಟಾಯಿತು. ಹುಮನಾಬಾದಿನ ಮೊದಲ ಮನೆಗಳು ಕಂಡಾಗ ಕಾಲು ನನ್ನ ಮಾತು ಕೇಳುವುದು ಬಿಟ್ಟಿತ್ತು, ಆದರೂ ಹೋಗುತ್ತಿತ್ತು.

ಅಳಿಯ ಮಾವನ ಮನೆಗೆ ಹೀಗೆ ಹೋಗುವುದುಂಟೇ? ಮೊಣಕಾಲ ಮೇಲಿನ ಚಡ್ಡಿ, ಮೈತುಂಬ ಉಪ್ಪು, ಕೈಯಲ್ಲಿ ಒಂದು ಬಾಳೆಹಣ್ಣು ಕೂಡ ಇಲ್ಲ. ಅತ್ತೆ ಬಾಗಿಲಲ್ಲಿ ನನ್ನನ್ನು ನೋಡಿ ಸೆರಗು ತಲೆಯ ಮೇಲೆಳೆದುಕೊಂಡು ಮುಖ ತಿರುಗಿಸಿ ನಿಂತರು. ಮಾವನವರು ಪೇಪರಿನಿಂದ ತಲೆ ಎತ್ತಿದರು.

"ಬರ್ರಿ. ಬಸ್ ಕೆಟ್ಟು ನಿಂತದೇನ್ರಿ?"

"ಇಲ್ರಿ. ಓಡಕೋತ ಬಂದೀನಿ."

"ಕಲ್ಯಾಣದಿಂದ?"

"ಹೌದ್ರಿ."

ಅವರು ಕನ್ನಡಕ ತೆಗೆದು ನನ್ನನ್ನು ಇನ್ನೊಮ್ಮೆ ನೋಡಿ, "ಪೂನಂ, ನೀರು ತಾ" ಅಂದರು.

ತಂಬಿಗೆ ತಂದಳು. ಸೊರಗಿದ್ದಾಳೆ. ಬೂಟು ಬಿಚ್ಚಿದಾಗ ಹೆಬ್ಬೆರಳು ನೋಡಿದಳು, ಕಾಲ ಮೇಲೆ ನೀರು ಸುರಿದಳು. ಇಷ್ಟು ದೂರ ಓಡುತ್ತ ಎಷ್ಟು ಮಾತು ಜೋಡಿಸಿಕೊಂಡಿದ್ದೆ. ಒಂದೂ ಬರಲಿಲ್ಲ.

"ಜಾಗ ಗೊತ್ತದ. ತೋರಸ್ತೀನಿ."

ತಂಬಿಗೆ ನಿಂತಿತು.

"ಅವ್ವಗ ಕೇಳಿ ಬಂದೀರೇನು?"

"ಇಲ್ಲ."

"ಇಷ್ಟು ದಿನ ಗೊತ್ತಿತ್ತು."

"ಗೊತ್ತಿತ್ತು."

"ದಿನಾ ಓಡಿದಿರಿ. ಊರ ಸುತ್ತ ಎಲ್ಲಾ ದಾರಿ ನೋಡೀನಿ ಅಂದಿರಿ. ಒಂದಿನರೆ ಅಲ್ಲಿಗಿ ಹೋಗಿದ್ದಿರೇನು?"

"ಇಲ್ಲ."

"ಹಂಗಾರ ಆಕಿ ಒಬ್ಬಾಕಿನೇ ಅದಾಳ. ಅವತ್ತಿನಿಂದ."

ನಾನು ಅತ್ತೆ, ಮಾವ, ಓಣಿಯ ಜನ ಯಾರನ್ನೂ ಲೆಕ್ಕಿಸದೆ ಅತ್ತುಬಿಟ್ಟೆ. ಆಗಸ್ಟಿನಿಂದ ಅತ್ತಿರಲಿಲ್ಲ. ಪೂನಂ ಉಳಿದ ನೀರನ್ನೂ ಕಾಲಿಗೆ ಸುರಿದು, ಸೆರಗಿನಿಂದ ನನ್ನ ಮುಖ ಒರೆಸಿ, ಬಟ್ಟೆ ತುಂಬಿಕೊಳ್ಳಲು ಒಳಗೆ ಹೋದಳು.

ಡಿಸೆಂಬರ್ ೨೨, ಸೋಮವಾರ

ನಿನ್ನೆ ಸಂಜೆ ಬಸ್ಸಿನಲ್ಲಿ ಬಂದೆವು. ಅವ್ವ ಪೂನಂಳನ್ನು ನೋಡಿದಳು, ನನ್ನನ್ನು ನೋಡಿದಳು, ಅವಳಿಗೆ ತಿಳಿಯಿತು. "ರೊಟ್ಟಿ ಮಾಡ್ತೀನಿ" ಎಂದು ಒಳಗೆ ಹೋದಳು.

ಇವತ್ತು ಬೆಳಿಗ್ಗೆ ಹೊರಡುವಾಗ ಹೊಸ್ತಿಲಲ್ಲಿ ನಿಂತು ಒಂದೇ ಮಾತು ಅಂದಳು. "ಬ್ಯಾಡ ಅಂದೀನಿ. ಮುಂದ ನನಗ ಅನ್ನಬ್ಯಾಡ್ರಿ."

"ಅನ್ನಂಗಿಲ್ಲ ಅತ್ತಿ" ಅಂದಳು ಪೂನಂ.

ನಾರಾಯಣಪುರ ರಸ್ತೆ. ಸೋಹೇಲ ಹೇಳಿದ್ದು ನಿಜ, ಒಳ್ಳೆಯ ನೆರಳಿದೆ. ನಾನು ಕುಂಟುತ್ತಿದ್ದೆ, ಪೂನಂ ನನ್ನ ಹೆಜ್ಜೆಗೆ ತನ್ನ ಹೆಜ್ಜೆ ತಗ್ಗಿಸಿಕೊಂಡು ನಡೆದಳು. ಹಾದು ಹೋದ ನಾಯಿಗಳು ಬೊಗಳಲೂ ಇಲ್ಲ. ಅರ್ಧ ದಾರಿಯಲ್ಲಿ ಹಿಂದೆ ಚಪ್ಪಲಿಯ ಸದ್ದು ಕೇಳಿಸಿತು. ತಿರುಗಿದರೆ ಅವ್ವ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನಮ್ಮನ್ನು ನೋಡದೆ, ದಾರಿ ನೋಡುತ್ತ ಬರುತ್ತಿದ್ದಳು. ನಾವು ನಿಂತೆವು. ಅವಳು ಬಂದು ಸೇರಿದ ಮೇಲೆ ಮೂವರೂ ನಡೆದೆವು.

ಕಾಕಾನ ಹೊಲದ ಮೂಡಣ ಬದು, ನಾಲೆಯ ಕಡೆ. ಮಳೆಗಾಲದ ಹುಲ್ಲು ಒಣಗಿ ನಿಂತಿತ್ತು. ನಾಯಿ ಕೆದರದಿರಲಿ ಎಂದು ನಾವಿಟ್ಟ ಕಲ್ಲುಗಳು ಹಾಗೆಯೇ ಇದ್ದವು. ಇದೇ ಎಂದು ತೋರಿಸಿದೆ.

"ತಲಿ ಯಾವ ಕಡಿ?" ಪೂನಂ ಕೇಳಿದಳು.

ತೋರಿಸಿದೆ. ಅವಳು ಅಲ್ಲಿ, ತಲೆಯ ಕಡೆ ಕೂತಳು. ಅಂಗೈ ನೆಲದ ಮೇಲಿಟ್ಟಳು. ನಾನೂ ಪಕ್ಕದಲ್ಲಿ ಕೂತೆ. ಓಡಬೇಕೆನಿಸಲಿಲ್ಲ. ಇಷ್ಟು ಹತ್ತಿರವಿತ್ತು, ಮನೆಯಿಂದ ಇಷ್ಟೇ ದೂರ.

ಅವ್ವ ನಿಂತೇ ಇದ್ದಳು. ಸೆರಗಿನ ಗಂಟು ಬಿಚ್ಚಿ ಒಂದು ಸಜ್ಜೆ ರೊಟ್ಟಿ ತೆಗೆದಳು. ಅರ್ಧ ಮುರಿದು ಕಲ್ಲಿನ ಪಕ್ಕ ಇಟ್ಟಳು. ಇನ್ನರ್ಧ ಕೈಯಲ್ಲಿ ಹಿಡಿದುಕೊಂಡು ಹೊಲದ ಸುತ್ತ ನೋಡಿದಳು. ಮೂಡಣ ಬದು, ಪಡುವಣ ಬದು, ನಾಲೆಯಾಚೆಯ ಬೇರೆಯವರ ಬದು. ಎಲ್ಲಿಡಬೇಕೆಂದು ತಿಳಿಯದೆ ನಿಂತಳು. ಆ ಕಡೆ ಒಂದು ಹೆಜ್ಜೆ, ಈ ಕಡೆ ಒಂದು ಹೆಜ್ಜೆ ಇಟ್ಟಳು.

ಪೂನಂ ಅವಳನ್ನು ನೋಡಿದಳು. ನಾನು ಬಸ್ಸಿನಲ್ಲಿ ಅವ್ವನ ಮೊದಲ ಕೂಸಿನ ಮಾತನ್ನೂ ಹೇಳಿದ್ದೆ.

"ಇಲ್ಲೇ ಇಡ್ರಿ ಅತ್ತಿ" ಅಂದಳು, ಪಕ್ಕಕ್ಕೆ ಸರಿದು ಜಾಗ ಮಾಡುತ್ತ. "ಇಬ್ರೂ ಇಲ್ಲೇ ಇರ್ಲಿ."

ಅವ್ವ ಬಂದು ಕೂತಳು.